ನೀಲಿ ಸೀಮೆಸುಣ್ಣ

ಮೆದೆಬರ್ ಸಂತೆಯಲ್ಲಿ ಬೆಳಗೆಂದರೆ ಸುತ್ತಿಗೆ.
ಎಣ್ಣೆಯ ಪೀಪಾಯಿ ಬಡಿಸಿಕೊಂಡು ಒಲೆಯಾಗುವ,
ಲಾರಿಯ ಟೈರು ಕೊಯ್ಯಿಸಿಕೊಂಡು ಚಪ್ಪಲಿಯಾಗುವ
ಆ ಸದ್ದಿನೊಳಗೆ, ಮೆಣಸಿನಪುಡಿಯ ಘಾಟಿಗೆ ಸೀನುತ್ತ
ಬಂದಳು ಅಬ್ರೆಹೆತ್, ಬಟ್ಟೆ ಹೊಲಿಯುವವಳು,
ಐವತ್ತೊಂದು ವರ್ಷ, ಕೊರಳಲ್ಲಿ ಅಳತೆಪಟ್ಟಿ.
ತೆಗೆದಿಡಲು ಮರೆತಳೋ, ಬೇಕೆಂದೇ ತಂದಳೋ.

"ಓಟದ ಸೈಕಲ್ಲು ಬೇಕು. ಹಳೆಯದಾದರೆ ಸಾಕು."
"ಮಗನಿಗೋ?" ಎಂದ ಮೇಸ್ತ್ರಿ ಝೆರೈ.
"ನನಗೆ."
ಪಕ್ಕದಂಗಡಿಯಲ್ಲೊಂದು ಸುತ್ತಿಗೆ ತಾಳ ತಪ್ಪಿತು.

ನಾನಾಗ ಹದಿಮೂರರ ಹುಡುಗ. ಉಗುರಲ್ಲಿ ಗ್ರೀಸು,
ಗ್ರೀಸಿನಡಿ ಇನ್ನೂ ಆರದ ಕೆಂಪು.

ಹನ್ನೊಂದು ಸೈಕಲ್ಲು, ಕೊಕ್ಕೆಗೆ ತೂಗುಬಿದ್ದು,
ಸುಲಿದ ಕುರಿಗಳ ಹಾಗೆ.
ಗೇರೆಷ್ಟು, ತೂಕವೆಷ್ಟು, ಅವಳು ಕೇಳಲಿಲ್ಲ.
ಇಷ್ಟು ಬಗ್ಗಿದ ಹಿಡಿಕೆಗೆ ಕೈ ಚಾಚಿದರೆ
ಬೆನ್ನು ಏನನ್ನುತ್ತದೆ ಎಂದು ಕೇಳಿದಳು.
ಮೇಸ್ತ್ರಿ ತೊದಲಿದ: ನಿಂತು ನೋಡಬೇಕು ತಾಯೀ,
ಅಡ್ಡಪೈಪಿಗೂ, ಅದು, ನಿಮಗೂ ನಡುವೆ
ಎರಡು ಬೆರಳು ಜಾಗ... ಕಿವಿ ಬಿಸಿಯಾಯಿತು ಅವನಿಗೆ.
ಅವಳು ಪಟ್ಟಿ ಎಳೆದಳು. ಒಂದು ತುದಿ ಹಿಮ್ಮಡಿಯಡಿ.
ಮೂವತ್ತು ವರ್ಷ ಊರ ಗಂಡಸರ ಕಾಲಳತೆ ಬರೆದವಳು
ಮೊದಲ ಸಲ ತನ್ನದು ಬರೆದುಕೊಂಡಳು,
ಅಂಗೈ ಮೇಲೆ: ಎಪ್ಪತ್ತೆಂಟು.

ಆ ಅಳತೆಗೆ ಎರಡೇ ಇದ್ದವು.
ಒಂದು ಕೆಂಪು. ಮದುವಣಗಿತ್ತಿಯಂತೆ ನಿಂತಿತ್ತು.
ಮೇಸ್ತ್ರಿ ಬೆಲೆ ಹೇಳಿದ, ನಾನು ನೆಲ ನೋಡಿದೆ.

ಅವಳದನ್ನು ಬುಡಮೇಲು ಮಾಡಿ ಕೂತಳು,
ಅಂಗಿ ಕೊಳ್ಳುವವರು ಒಳಮಗ್ಗುಲು ತಿರುವುವಂತೆ.
ಬೆಸುಗೆ ಬೆಸುಗೆಗೂ ಬೆರಳೋಡಿಸಿದಳು.
ಮುಂದಿನ ಪೈಪುಗಳು ಕೂಡುವಲ್ಲಿ, ಕೆಳಗೆ,
ಬಣ್ಣದಲ್ಲೊಂದು ಸುಕ್ಕು: ಬಿಗಿಯಾದ ಕುಪ್ಪಸಕ್ಕೆ
ಕಂಕುಳಲ್ಲಿ ಬೀಳುತ್ತದಲ್ಲ, ಅಂಥದ್ದು.
ನಾಣ್ಯ ತೆಗೆದು ತಟ್ಟಿದಳು.
ಅಲ್ಲಿ ಹಾಡಿತು. ಇಲ್ಲಿ ಕೆಮ್ಮಿತು.

"ಯಾರು ಹೊಲಿದದ್ದು ಇದನ್ನ?"

ಝೆರೈ ಮೋಡ ನೋಡಿದ. ಅವಳು ನನ್ನ ಉಗುರು ನೋಡಿದಳು.
ಕೈ ಬೆನ್ನ ಹಿಂದೆ ಹೋಯಿತು;
ಬಚ್ಚಿಟ್ಟದ್ದೇ ಉತ್ತರವಾಯಿತು.
ಬೈಯಲಿಲ್ಲ. ಜೇಬಿನಿಂದ ದರ್ಜಿಯ ಸೀಮೆಸುಣ್ಣ ತೆಗೆದು
ಸುಕ್ಕಿನ ಸುತ್ತ ನೀಲಿ ಗೆರೆ ಎಳೆದಳು, ನಿಧಾನ.
"ನಾನೂ ಮಾಡಿದ್ದೇನೆ. ಹುಳ ತಿಂದ ಕೋಟಿಗೆ
ತೂತಿನ ಮೇಲೇ ಜೇಬು ಹೊಲಿದು ಮಾರಿದ್ದೇನೆ.
ಆದರೆ ಮಗೂ, ಕೋಟು ಇಳಿಜಾರಲ್ಲಿ ಮುರಿಯುವುದಿಲ್ಲ."

ಇನ್ನೊಂದು ಬೂದಿ ಬಣ್ಣದ್ದು.
ಹಿಂದಿನ ಚಕ್ರ ಒಂದು ಮನೆಯದು, ಮುಂದಿನದು ಇನ್ನೊಂದು ಮನೆಯದು.
ತುಕ್ಕು ಇತ್ತು, ಮರೆಮಾಚದೆ ಇತ್ತು.
ಚೈನು ಜೋಲು, ಬ್ರೇಕಿನ ತಂತಿ ನಾರುನಾರು,
ಎಲ್ಲಕ್ಕೂ ಕಳೆದಳು, ಕಳೆದು ಕೂಡಿದಳು,
ಎರಡು ಲೋಟ ಚಹಾ ಮುಗಿಯುವ ತನಕ.
ಕೊನೆಯ ಮುನ್ನೂರು ನಕ್ಫಾಕ್ಕೆ ಮೇಸ್ತ್ರಿ ಕದಲಲಿಲ್ಲ.
"ಆಯ್ತು, ಅದರ ಬದಲಿಗೆ
ಈ ಹುಡುಗನ ನಾಲ್ಕು ಭಾನುವಾರ ಕೊಡು."

ಮೊದಲ ಭಾನುವಾರ ಸೀಟು ಹಿಡಿದು ಓಡಿದೆ.
ಬಿಡಬೇಡ, ಬಿಡಬೇಡವೋ, ಎಂದು ಬೀದಿ ಎಬ್ಬಿಸಿದಳು.
ಎರಡನೆಯದರಲ್ಲಿ ಇಬ್ಬರೂ ಬಿದ್ದೆವು, ಹಾಲಿನವನ ಮೇಲೆ.
ಮೂರನೆಯದರಲ್ಲಿ ನಾನು ಬಿಟ್ಟೆನೆಂದು ಆಕೆ ಇಂದಿಗೂ ದೂರುತ್ತಾಳೆ;
ನಿಜ ಹೇಳಲೆ, ಸೀಟೇ ಕೈಯಿಂದ ಕಿತ್ತುಕೊಂಡು ಹೋಯಿತು.

ನಾಲ್ಕನೆಯದು. ಮಸ್ಸಾವಾ ದಾರಿ
ಊರಂಚಿನಿಂದ ಧುಮುಕುವ ಆ ತಿರುವು.
ಕೆಳಗೆ ಮೋಡ, ಮೋಡದ ಕೆಳಗೆಲ್ಲೋ ಸಮುದ್ರ.
ಏದುಸಿರು ಬಿಡುತ್ತ ನಾನು ತಲುಪುವ ಹೊತ್ತಿಗೆ
ಒಂದು ಕಾಲು ಊರಿ ನಿಂತಿದ್ದಳು,
ಬಿಳಿ ನೆಟ್ಸೆಲಾ ಸೊಂಟಕ್ಕೆ ಬಿಗಿದು,
ಬ್ರೇಕು ಅದುಮಿ ನೋಡುತ್ತ: ಎಡ, ಬಲ, ಮತ್ತೆ ಎಡ.
"ಇವತ್ತಿಗೆ ಸಾಕು. ಇಳಿದದ್ದನ್ನೆಲ್ಲ
ಹತ್ತಲೂ ಬೇಕಲ್ಲ," ಎಂದು ತಿರುಗಿಸಿದಳು.

ಅಂಗಡಿ ಈಗ ನನ್ನದು.
ಆ ಕೆಂಪು ಚೌಕಟ್ಟು ಗೋಡೆಯ ಮೇಲಿದೆ, ಮಾರಾಟಕ್ಕಲ್ಲ.
ಧೂಳು ಒರೆಸುವಾಗ
ಅದೊಂದು ಜಾಗ ಬಿಟ್ಟು ಒರೆಸುತ್ತೇನೆ.