ಐದೂ ಹತ್ತರ ಗಾಡಿ

ಬಾಗೇಶಪುರದಿಂದ ಅರಸೀಕೆರೆ ಹೈಸ್ಕೂಲಿಗೆ
ಹೋಗಲೂ ಬರಲೂ ಅದೇ ಗಾಡಿ. ಮೀಟರ್ ಗೇಜು.
ತಾನು ಬರುವ ಮೊದಲೇ ಸದ್ದನ್ನು ಕಳಿಸುತ್ತಿತ್ತು.
ಕಂಬಿಗೆ ಕಿವಿಯಿಟ್ಟ ಪುಟ್ಟನಂಜಿ
"ಗೇಟು ದಾಟ್ತು ಕಣೇ" ಅಂದರೆ
ಲಂಗ ಎತ್ತಿಕಟ್ಟಿ ಓಡಬೇಕು.

ಹಲಗೆ ಸೀಟು. ಸಂದಿನಲ್ಲಿ ತಿಗಣೆ,
ಯಾರೋ ಬಿಟ್ಟುಹೋದ ಕಡ್ಲೆಕಾಯಿ ಸಿಪ್ಪೆ.
ತಗಡಿನ ಕಿಟಕಿ ದಡಾರನೆ ಬಿದ್ದು
ನನ್ನ ಕಿರುಬೆರಳಿನ ಉಗುರು ಇವತ್ತಿಗೂ ಸೊಟ್ಟ.
ಬಾಚಣಿಗೆ ತೂರಿಸಿ ತಳ್ಳಿದರಷ್ಟೇ ಏಳುವ ಫ್ಯಾನು
ಗೊಣಗಿ, ಗರಗರ ಎರಡು ಸುತ್ತು ತಿರುಗಿ
ಮರೆತ ಮಗ್ಗಿಯ ಹಾಗೆ ನಡುವೆಯೇ ನಿಲ್ಲುವುದು.

ಕಂಬಿಯ ಕೀಲು ಬಂದಾಗಲೆಲ್ಲ ಗಾಡಿ ಕೇಳುತ್ತಿತ್ತು:
ಕೊಬ್ರಿ ಕೊಡ್ತೀಯ ಬೆಲ್ಲ ಕೊಡ್ತೀಯ
ಕೊಬ್ರಿ ಕೊಡ್ತೀಯ ಬೆಲ್ಲ ಕೊಡ್ತೀಯ
ಮೋರಿಯ ಮೇಲೆ ಮಾತ್ರ ಗಂಟಲು ಬದಲಿಸಿ
ಕೊಡಲ್ಲ ಕೊಡಲ್ಲ ಕೊಡಲ್ಲ.
ಪುಟ್ಟನಂಜಿಗೆ ಹಾಗೆ ಕೇಳಿಸುತ್ತಿರಲಿಲ್ಲ.
ಅವಳಿಗೆ: ಮದ್ವೆ ಯಾವಾಗ, ಮದ್ವೆ ಯಾವಾಗ.

ಅರಸೀಕೆರೆಯಲ್ಲಿ ದಸ್ತಗೀರ್ ಸಾಬರು,
ಉದ್ದ ಹಿಡಿಯ ಸುತ್ತಿಗೆ, ಕಿವಿಯಲ್ಲಿ ಅತ್ತರಿನ ಹತ್ತಿ,
ಬಗ್ಗಿ ಬಗ್ಗಿ ಗಾಲಿ ಬಡಿಯುವರು.
ಟಣ್.
ನಾಲ್ಕು ಹೆಜ್ಜೆ. ಟಣ್.
"ಒಂದೊಂದು ಬೋಗಿಗೂ ಒಂದೊಂದು ದನಿ ಅವ್ವಾ.
ಇದು ಬಸುರಿ ಹಂಗೆ ಏದುಸಿರು ಬಿಡ್ತದೆ.
ಅದಕ್ಕೆ ವಯಸ್ಸಾಯ್ತು, ಆದ್ರೂ ಸುಳ್ಳು ಹೇಳಲ್ಲ."

ಒಂದು ಸಂಜೆ ಐದೂ ಹತ್ತರ ಗಾಡಿಯಲ್ಲಿ
ಕೂತು ಎಣಿಸುತ್ತಿದ್ದೆವು. ಟಣ್, ಟಣ್,
ಡಬ್.
ಸಾಬರು ಮತ್ತೆ ಬಡಿದರು.
ಡಬ್.
ಸುತ್ತಿಗೆ ಕೆಳಗಿಟ್ಟು, ಗಾಲಿಯ ಮೈಮೇಲೆ ಅಂಗೈ ಆಡಿಸಿ
ಗಾರ್ಡಿನ ಕಡೆ ತಲೆ ಅಲ್ಲಾಡಿಸಿದರು.
ಬೋಗಿ ಬಿಚ್ಚಿ, ಬೇರೆ ಜೋಡಿಸಿ
ಗಾಡಿ ಹೊರಟಾಗ ರಾತ್ರಿ ಎಂಟೂವರೆ.
ಅಷ್ಟು ಹೊತ್ತೂ ಪುಟ್ಟನಂಜಿ ಅಳುತ್ತಿದ್ದಳು:
ಊರಲ್ಲಿ ಅವಳನ್ನು ನೋಡಲು ಗಂಡಿನವರು ಬಂದಿದ್ದರು.

ಕಾದು, ಉಪ್ಪಿಟ್ಟು ತಿಂದು, ಕತ್ತಲಾಯಿತೆಂದು ಎದ್ದುಹೋದರಂತೆ.
ಹುಡುಗಿಯ ಕಾಲ್ಗುಣ ಸರಿಯಿಲ್ಲ ಅಂದರಂತೆ.
ಅವಳು ಹತ್ತನೇ ಕ್ಲಾಸು ಮುಗಿಸಿದಳು. ಆಮೇಲೆ ನರ್ಸಿಂಗು.
ಹಾಸನದ ದೊಡ್ಡಾಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ.

ಮೊನ್ನೆ ಇಬ್ಬರೂ ಹೊಸ ಗಾಡಿ ಹತ್ತಿದೆವು.
ಕಂಬಿಗೆ ಕೀಲಿಲ್ಲ, ಕಿಟಕಿಗೆ ಗಾಜು,
ಒಳಗೆ ಆಸ್ಪತ್ರೆಯಂಥ ತಂಪು.
ಬಾಗೇಶಪುರ ಯಾವಾಗ ದಾಟಿತೋ!
"ಏನೂ ಕೇಳ್ತಾನೇ ಇಲ್ಲವಲ್ಲೇ ಇದು" ಅಂದಳು.
ಕೇಳಿದರೆ ಏನನ್ನುತ್ತಿದ್ದಳೋ, ಮದುವೆಯಾಗದವಳು.

ಅರಸೀಕೆರೆ ಸಂತೆಯಲ್ಲಿ ತೆಂಗಿನಕಾಯಿ
ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಬಡಿದೆ.
ಟಣ್. ಇದು ಇರಲಿ.
ಟಣ್. ಇದೂ.
ಒಂದು ಡಬ್ ಅಂದಿತು. ಮಾರುವವನೇ
"ಬುಡಿ ಅಕ್ಕಾ, ಅದು ಕೆಟ್ಟದ್ದು" ಅಂದ.
ದುಡ್ಡು ಕೊಟ್ಟು ಚೀಲಕ್ಕೆ ಹಾಕಿಕೊಂಡೆ,
ಪುಟ್ಟನಂಜಿಗೆ.