ಗಿಣ್ಣಿನ ಲೆಕ್ಕ, ಒಣಮೀನಿನ ಲೆಕ್ಕ

ಸಾವಿರ ವರ್ಷದ ಕೆಳಗೆ, ಲೆಯೋನ್ ಸೀಮೆಯ ಮಠದಲ್ಲಿ
ಉಗ್ರಾಣ ನೋಡಿಕೊಳ್ಳುತ್ತಿದ್ದವನೊಬ್ಬ
ಹಳೆಯ ದಾನಪತ್ರದ ಬೆನ್ನಿಗೆ
ಗಿಣ್ಣಿನ ಲೆಕ್ಕ ಬರೆದಿಟ್ಟ.
ದ್ರಾಕ್ಷಿತೋಟದಲ್ಲಿ ದುಡಿದವರಿಗೆ ಐದು.
ದೊರೆ ಬಂದಾಗ ನಾಲ್ಕು.
ದುಡಿದವರಿಗಿಂತ ದೊರೆಗೆ ಒಂದು ಕಡಿಮೆ.
ಬರೆದವನಿಗೆ ಇದರಲ್ಲಿ ನಗು ಬಂದಂತಿಲ್ಲ.

ಲ್ಯಾಟಿನ್ ಬರೆಯುತ್ತಿದ್ದೇನೆ ಅಂದುಕೊಂಡಿದ್ದ, ಪಾಪ.
ಕೈ ಮಾತ್ರ ಬಾಯಿಯ ಮಾತು ಕೇಳಿತು.
ವಿಭಕ್ತಿಗಳು ಉದುರಿದವು,
ಗಿಣ್ಣಿನ ಅಂಚು ಉದುರುವ ಹಾಗೆ,
ಗುಡಿಸಿ ಇಲಿಗೆ ಹಾಕಿ
ಎದ್ದು ಹೋದ.

ಆಮೇಲೆ ಬಹಳ ಆಯಿತು.
ಕೋಟೆಗಳ ನಾಡು ಕಾಸ್ತಿಯಾದಲ್ಲಿ
'ಫ'ಕಾರಕ್ಕೆ ತುಟಿ ಸೋತು 'ಹ' ಆಯಿತು
(ನಮ್ಮಲ್ಲಿ ಪಾಲು ಹಾಲಾಯಿತಲ್ಲ, ಹಾಗೆ),
ಕೊನೆಗೆ ಆ ಉಸಿರೂ ನಿಂತಿತು.
ಹಸಿವು ಎಂಬ ಮಾತನ್ನು ಇವತ್ತಿಗೂ ಅವರು
ಬಾಯಿಗೆ ಬಾರದ ಒಂದಕ್ಷರ ಸೇರಿಸಿಯೇ ಬರೆಯುತ್ತಾರೆ.

ಎಣ್ಣೆ, ಸಕ್ಕರೆ, ತಲೆದಿಂಬು ಬಂದದ್ದು ಅರಬ್ಬಿಯಿಂದ.
ತಲೆದಿಂಬಿನ ಜೊತೆ ಒಂದೆರಡು ಕನಸೂ ಬಂದಿರಬೇಕು.
ಮಳೆಗೆಂದು ಮುಗಿಲು ನೋಡುತ್ತ
ಜಪಸರ ಹಿಡಿದ ಮುದುಕಿ 'ಓಹಲಾ' ಅನ್ನುತ್ತಾಳೆ.
ಆ ಮಾತಿನೊಳಗೆ ಅಲ್ಲಾ ಕೂತಿದ್ದಾನೆಂದು
ಯಾರೂ ಆಕೆಗೆ ಹೇಳಿಲ್ಲ. ಹೇಳುವುದೂ ಬೇಡ.

ಹಡಗುಗಳ ಕತೆ ಬೇರೆ.
ಕತ್ತಿ ಇತ್ತು, ಶಿಲುಬೆ ಇತ್ತು, ಸಿಡುಬು ಇತ್ತು.
ಎಷ್ಟು ನಾಲಿಗೆಗಳು ಸುಮ್ಮನಾದವೋ
ಯಾವ ಉಗ್ರಾಣಿಯೂ ಲೆಕ್ಕವಿಟ್ಟಿಲ್ಲ.
ಕೆಲವು ಅಡುಗೆಮನೆಯ ಬಾಗಿಲಿಂದ ಒಳನುಗ್ಗಿದವು:
ಟೊಮೆಟೊ, ಚಾಕೊಲೇಟು.
ಮೆಕ್ಸಿಕೊದ ಸಂತೆಯ ಹಳೆಯ ಹೆಸರು
ಅಕಾಪುಲ್ಕೊದಲ್ಲಿ ಹಡಗು ಹತ್ತಿ
ಮನಿಲಾದಲ್ಲಿ ಇಳಿದು
ಅಲ್ಲಿಯೂ ಸಂತೆಯೇ ಆಯಿತು.

ಜಾಂಬೊವಾಂಗಾ. ಮೀನುಪೇಟೆ. ಬೆಳಗಿನ ಐದು.
ಕ್ರಿಸ್ಪಿನಾ ಫಾಲ್ಕಾತಾನ್ ಒಣಮೀನು ಹರವುತ್ತಾಳೆ.
ತಕ್ಕಡಿಯ ಪಕ್ಕ ಉದ್ರಿ ಪುಸ್ತಕ,
ಅದರ ಮೇಲೊಂದು ಕಲ್ಲು, ಗಾಳಿಗೆ.
ಎದುರಿಗೆ ರೆಕಾರ್ಡರ್ ಹಿಡಿದ ಫ್ರೊಯ್ಲಾನ್ ವಾಲ್ಬುವೆನಾ,
ಲೆಯೋನಿನ ಗಿಣ್ಣು ಮಾಡುವವರ ಮನೆಯ ಮಗ.
ಕೇಳುತ್ತಾನೆ, ಬೆವರುತ್ತಾನೆ, ಗೀಚಿಕೊಳ್ಳುತ್ತಾನೆ:
'ಮುರುಕು ಸ್ಪ್ಯಾನಿಷ್. ಕ್ರಿಯಾಪದಗಳೆಲ್ಲ ಬೋಳು.'

ಬೋಳೇ ಹೌದು.
ತಾ ಕೋಮೆ, ತಿನ್ನುತ್ತಿದೆ. ಯಾ ಕೋಮೆ, ತಿಂದಾಯಿತು.
ಆಯ್ ಕೋಮೆ, ತಿನ್ನಬೇಕು ಇನ್ನು.
ಮೂರು ಚಿಟಿಕೆ ಉಪ್ಪಿನಲ್ಲಿ ಕಾಲವನ್ನೆಲ್ಲ ಒಣಗಿಸಿಟ್ಟಿದ್ದಾರೆ.
ಕೋಟೆ ಕಟ್ಟಲು ಹಿಡಿದುತಂದ ನಾಲ್ಕಾರು ದ್ವೀಪದವರು,
ಒಬ್ಬರ ನುಡಿ ಇನ್ನೊಬ್ಬರಿಗೆ ತಿಳಿಯದವರು,
ಕಲ್ಲು ಹೊರಿಸುವವನ ಬೈಗುಳವನ್ನೇ ಆಯ್ದು
ಲಾಲಿ ಕಟ್ಟಿದರಂತೆ. ಕ್ರಿಸ್ಪಿನಾಳ ಅಜ್ಜಿಯ ಮಾತಿದು,
ಪುರಾವೆ ಕೇಳಿದರೆ ಕೋಟೆಯತ್ತ ಗದ್ದ ಎತ್ತುತ್ತಿದ್ದಳು.

ಫ್ರೊಯ್ಲಾನನಿಗೆ 'ನಾವು' ಎಂದರೆ ನಾವು, ಒಂದೇ.
ಇವಳಲ್ಲಿ ಎರಡಿವೆ.
'ಕಾಮೆ': ನಾವು, ನಿನ್ನ ಬಿಟ್ಟು.
'ಕಿತಾ': ನಾವು, ನೀನೂ ಸೇರಿ.
ಮೂರು ದಿನ ಅವನ ಕಿವಿಗೆ ಬಿದ್ದದ್ದು ಬರೀ ಕಾಮೆ.
ಕಾಮೆ ಇಲ್ಲಿ ಹೀಗೆ ಅನ್ನುತ್ತೇವೆ, ಸೆನ್ಯೋರ್.
ಕಾಮೆಗೆ ಇದು ಮುರಿದದ್ದಾಗಿ ಕಾಣುವುದಿಲ್ಲ.
ಕೂಲಿ ಹುಡುಗಿ ಬುಟ್ಟಿಯ ಹಿಂದೆ ಕಿಸಕ್ಕೆಂದಳು.

ನಾಲ್ಕನೆಯ ದಿನ ಅವನು ರೆಕಾರ್ಡರ್ ಮರೆತು ಬಂದ.
ಬುಟ್ಟಿ ಎತ್ತಿಕೊಟ್ಟ, ಬೆರಳಿಗೆ ಮುಳ್ಳು ಚುಚ್ಚಿಕೊಂಡ,
ಉಪ್ಪು ಹತ್ತಿ ಉರಿದಾಗ
ಊರಿನ ಅಪ್ಪಟ ಬೈಗುಳವೊಂದನ್ನು ಉದುರಿಸಿದ.
ಅದು ಇಡೀ ಪೇಟೆಗೆ ಅರ್ಥವಾಯಿತು.

ಮಧ್ಯಾಹ್ನ ಅನ್ನದ ಪಾತ್ರೆ ತೆರೆದು
ಕ್ರಿಸ್ಪಿನಾ ಅವನತ್ತ ನೋಡದೆಯೇ ಅಂದಳು:
ಆಯ್ ಕೋಮೆ ಕಿತಾ.
ಅವನು ಕೂತ.
ಏನೂ ಬರೆದುಕೊಳ್ಳಲಿಲ್ಲ, ಕೈ ಎಂಜಲಾಗಿತ್ತು.

ಬರೆದವಳು ಅವಳು.
ಸಂಜೆ ಕಲ್ಲು ಸರಿಸಿ, ಪೆನ್ಸಿಲ್ ನಾಲಿಗೆಗೆ ತಾಗಿಸಿ:
ಪಾದ್ರಿಯ ಮನೆಗೆ, ನಾಲ್ಕು.
ದೋಣಿಯ ಹುಡುಗರಿಗೆ, ಐದು.
ಆ ಸ್ಪೇನಿನವನಿಗೆ, ಒಂದು.
ಬಾಕಿ.