ಏಳು ಕಿತ್ತಳೆ, ಒಂದು ಇಳಿಜಾರು

ಶೆಫೀಲ್ಡ್ ಅಂದರೆ ಗುಡ್ಡದ ಊರು,
ಅದರಲಿ ನಮ್ಮದು ಕಡಿದಾದ ಬೀದಿ;
ಮೇಲುಗಡೆ ಮನೆ, ಕೆಳಗಡೆ ಶಾಲೆ,
ನಡುವೆ ಜನವರಿ, ಜಾರುವ ಹಾದಿ.

"ನಾಳೆ ಗುಂಡಗಿರುವ ಏನಾದರೂ ತನ್ನಿ"
ಅಂದಿದ್ದರು ಮಿಸ್ ಥ್ರೆಲ್‌ಫಾಲ್.
ಇದ್ರೀಸ್ ಜೇಬಲ್ಲಿ ಗೋಲಿ ಒಂದು.
ನನ್ನ ಕೈಯಲ್ಲಿ ಕಾಗದದ ಚೀಲ,
ಚೀಲದಲ್ಲಿ ಏಳು ಕಿತ್ತಳೆ.

ಇಬ್ಬನಿಗೆ ನೆನೆದು ಮೆತ್ತಗಾಗಿತ್ತು ಚೀಲ.
ಗೇಟು ದಾಟಿದ್ದೇ ತಡ,
ಪರಕ್!
ಏಳೂ ನೆಲಕ್ಕೆ.
ಒಂದು ಕ್ಷಣ ಏಳೂ ನನ್ನ ಮುಖ ನೋಡಿದ ಹಾಗಾಯ್ತು.
ಆಮೇಲೆ ಹೊರಟವು.

ಯಾರೂ ನೂಕಲಿಲ್ಲ, ಆಣೆಗೂ ಇಲ್ಲ.
ಗಾಳಿ ಕೂಡ ಇನ್ನೂ ಹಾಸಿಗೆ ಬಿಟ್ಟಿರಲಿಲ್ಲ.
ಮೊದಲು ಮೆಲ್ಲಗೆ, ಆಮೇಲೆ ಬೇಗ,
ಆಮೇಲೆ ಬೇಗಕ್ಕಿಂತ ಬೇಗ,
ಉರುಳುರುಳಿ ಉರುಳುರುಳಿ
ಕೇಸರಿ ಬಣ್ಣದ ಮರಿಗಳ ಮೆರವಣಿಗೆ.

"ಭೂಮಿ ಎಳೀತಿದೆ!" ಇದ್ರೀಸ್ ಕೂಗಿದ, ಓಡುತ್ತ.
"ಅದು ಎಳೆಯೋದು ನೆಟ್ಟಗೆ ಕೆಳಕ್ಕೆ.
ರಸ್ತೆ ಅಡ್ಡ ಬಂದಿದೆ,
ಅದಕ್ಕೇ ಓರೆಯಾಗಿ ಹೋಗ್ತಿವೆ!"

ಒಂದು, ಪಕ್ಕದ ಮನೆಯ ಹುಲ್ಲಿಗೆ ನುಗ್ಗಿ
ನಾಲ್ಕು ಸುತ್ತಿಗೇ ಸುಸ್ತಾಗಿ ಮಲಗಿತು.
ಎರಡು, ಜಲ್ಲಿಯ ಮೇಲೆ ಟಕಟಕ ಕುಣಿದು
ಕಾಲು ನೊಂದವರಂತೆ ನಿಂತವು.
ಒಂದು ಗೋಡೆಗೆ ಹಣೆ ಚಚ್ಚಿಕೊಂಡಿತು, ಪಾಪ.
ಮಿಕ್ಕ ಮೂರಕ್ಕೆ ಸಿಕ್ಕಿತು
ಗಾಜಿನಂಥ ಮಂಜುಗಡ್ಡೆ.
ಹಿಡಿಯುವವರಿಲ್ಲ, ತಡೆಯುವವರಿಲ್ಲ,
ಉರುಳುವುದನ್ನೂ ಮರೆತು
ಸುಮ್ಮನೆ ಜಾರಿಬಿಟ್ಟವು.

ಹಿಂದೆ ಓಡಿದ ನಾನೂ
ದೊಪ್ಪ!
ಎಂಟನೆಯ ಕಿತ್ತಳೆ.

ಕೆಳಗೆ ರಸ್ತೆ ದಾಟಿಸುವ ಬೆರಿಲ್ ಅಜ್ಜಿ
'ನಿಲ್ಲಿ' ಅನ್ನುವ ಫಲಕ ಎತ್ತಿ ಹಿಡಿದರು.
ಹಣ್ಣಿಗೆ ಓದು ಬರುತ್ತದೆಯೇ?
ಬೂಟು ಅಡ್ಡ ಇಟ್ಟರು. ಎರಡು ಸಿಕ್ಕವು.
ಏಳನೆಯದು ತಪ್ಪಿಸಿಕೊಂಡಿತು.

ಆಗ ಬಂತು ಆಗ್ಡೆನ್ ತಾತನ ಹಳದಿ ಲಾರಿ,
ಬೀದಿಗೆಲ್ಲ ಉಪ್ಪು, ಮರಳು ಎರಚುತ್ತ.
ಎದ್ದು ನಿಂತೆ. ಬೂಟು ಕರಕರ ಅಂದಿತು.
ನೆಲ ನನ್ನ ಕಾಲು ಹಿಡಿದುಕೊಂಡಿತು,
ಸಂತೆಯಲ್ಲಿ ಅಮ್ಮ ಕೈ ಹಿಡಿದ ಹಾಗೆ.
ಕಿತ್ತಳೆ ನಿಲ್ಲಿಸಿದ ಒರಟೇ
ನನ್ನನ್ನು ನಡೆಸಿದ್ದು, ಅಂತ ಗೊತ್ತಾದದ್ದು
ಅಲ್ಲೇ, ಒದ್ದೆ ಚಡ್ಡಿಯಲ್ಲಿ.

ರಾತ್ರಿ ಅಮ್ಮ ಎರಡು ಹೆಸರು ಹೇಳಿದಳು.
ಎಳೆಯುವುದು ಗುರುತ್ವ.
(ಒಳಗೊಬ್ಬ ಗುರು ಕೂತಿದ್ದಾನೆ ನೋಡು,
ಮೇಲೆ ಹಾರಿದವರನ್ನೆಲ್ಲ ಕೆಳಗೆ ಕರೆಯುತ್ತಾನೆ.)
ತಡೆಯುವುದು ಘರ್ಷಣೆ.
ಹೇಳಿ ನೋಡಿದೆ: ಘರ್‌... ಷಣೆ.
ಹೆಸರೇ ನಾಲಿಗೆಯನ್ನು ಉಜ್ಜುತ್ತದೆ!
"ಅಂಗೈಗೆ ಅಂಗೈ ತಿಕ್ಕು" ಅಂದಳು.
ತಿಕ್ಕಿದೆ. ಚಳಿಯೊಳಗೆ ಬೆಚ್ಚಗೊಂದು ಪುಟ್ಟ ಒಲೆ.
"ಅದೂ ಅದರದೇ ಕೆಲಸ."

ಏಳನೆಯದು?
ಮರುದಿನ ಪೇಪರ್ ಅಂಗಡಿಯ ಕಿಟಕಿಯಲ್ಲಿ ಕೂತಿತ್ತು,
ಕೊರಳಿಗೊಂದು ಚೀಟಿ ಕಟ್ಟಿಕೊಂಡು:
'ಸಿಕ್ಕಿದೆ. ತುಂಬ ಅವಸರದಲ್ಲಿತ್ತು.'

ಈಗ ನನ್ನ ಮೇಜಿನ ಮೇಲಿದೆ, ಮಿಸುಕದೆ.
ಭೂಮಿ ಎಳೆಯುತ್ತಲೇ ಇದೆ ಕೆಳಗೆ,
ಮೇಜು ಎತ್ತಿ ಹಿಡಿದೇ ಇದೆ ಮೇಲೆ;
ಇಬ್ಬರ ಜಗ್ಗಾಟ ಸರಿಸಮ,
ಕಿತ್ತಳೆಗೆ ನಿದ್ದೆ.

ಮೇಜಿನ ಒಂದು ಕಾಲಿನಡಿ
ನಾನು ಮೆಲ್ಲಗೆ ಒಂದು ಪುಸ್ತಕ ಇಟ್ಟೆ.

ಕಿತ್ತಳೆ
ನನ್ನ ಮುಖ ನೋಡಿತು.